ತಾತನ ಕೈಗೆ ಕೊಟ್ಟ ಗನ್

ತಾತ,

ನೀನು ಇದನ್ನು ಓದುವುದಿಲ್ಲ ಎಂದು ಗೊತ್ತು. ಇದ್ದಾಗಲೂ ಓದುತ್ತಿರಲಿಲ್ಲ. ಕರೆಂಟ್ ಬಿಲ್ ಬಂದರೆ ಮನೆಯೆಲ್ಲ ಕನ್ನಡಕ ಹುಡುಕಿ, ಸಿಕ್ಕಿದ ಮೇಲೆ ಹಾಕಿಕೊಂಡು, ಆಮೇಲೆ "ನೀನೇ ಓದ್ಲಾ ಸೀನ" ಎಂದು ನನ್ನ ಕೈಗೇ ಕೊಡುತ್ತಿದ್ದೆ. ಅದಕ್ಕೇ ಬರೆದು ಮುಗಿಸಿದ ಮೇಲೆ ಒಂದು ಸಲ ಜೋರಾಗಿ ಓದುತ್ತೇನೆ. ಇವತ್ತು ನಿನ್ನ ತಿಥಿ ಆಯಿತು. ನಿನಗೆ ಹೇಳಬೇಕಾದ ಸುದ್ದಿ ಒಂದಿದೆ. ಆದರೆ ಕೇಳಬೇಕಾದದ್ದೇ ಅದಕ್ಕಿಂತ ಜಾಸ್ತಿ ಇದೆ, ಎಲ್ಲಿಂದ ಶುರು ಮಾಡಲಿ...

ನಾನು ಶಾಲೆ ಬಿಟ್ಟು ಬಂದ ಮಧ್ಯಾಹ್ನ ನೆನಪಿದೆಯಾ? ಒಂಬತ್ತನೇ ಕ್ಲಾಸು. ಬ್ಯಾಗನ್ನು ಜಗಲಿಯ ಮೇಲೆ ಎಸೆದು "ಇನ್ಮೇಲೆ ಹೋಗಲ್ಲ" ಎಂದೆ. ಅಮ್ಮ ಪೊರಕೆ ಎತ್ತಿಕೊಂಡಳು. ಕ್ಲಾಸಿನಲ್ಲಿ ಒಂದು ಕಡೆ ಕೂತರೆ ಮೈಮೇಲೆ ಇರುವೆ ಹರಿದ ಹಾಗೆ ಆಗುತ್ತಿತ್ತು, ಅಷ್ಟೇ. ನೀನು ಬಾಗಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ. ಬೈಯಲಿಲ್ಲ. ತಲೆ ಎತ್ತದೆ, "ಊಟಕ್ಕೆ ಎಷ್ಟ್ ಜನ?" ಎಂದು ಕೇಳಿದೆ. ಅಮ್ಮನ ಸಿಟ್ಟು ನಿನ್ನ ಕಡೆ ತಿರುಗಿತು. "ಮೂರೇ ಜನ ಕಣಪ್ಪಾ! ದಿನಾ ಮೂರೇ ಜನ. ಇನ್ಯಾರ್ ಬತ್ತಾರೆ ನಮ್ಮನೇಗೆ?" ಅಪ್ಪ ನಮ್ಮನ್ನು ಬಿಟ್ಟು ಹೋಗಿ ವರ್ಷಗಳಾಗಿದ್ದವು. ನಮ್ಮ ಮನೆಯಲ್ಲಿ ನೀನು, ಅಮ್ಮ, ನಾನು. ಆದರೂ ಒಲೆ ಹಚ್ಚುವ ಮೊದಲು ನಿನಗೆ ಆ ಪ್ರಶ್ನೆ ಬೇಕೇ ಬೇಕಿತ್ತು. ಮುದುಕರಿಗೆ ಇಂಥದ್ದೊಂದು ಅಭ್ಯಾಸ ಇರುತ್ತದೆ ಎಂದುಕೊಂಡಿದ್ದೆ.

ದೊಡ್ಡನೆಕ್ಕುಂದಿಯಲ್ಲಿ ನಿನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ನೀನು ಮಿಲ್ಟ್ರಿ ತಾತ. ಪಟಾಲಮ್ಮಿನಿಂದ ಬಂದ ಮೇಲೆ ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿ ಗೇಟಿನಲ್ಲಿ ಖಾಕಿ ಹಾಕಿಕೊಂಡು ಅಷ್ಟು ವರ್ಷ ಬೆನ್ನು ನೆಟ್ಟಗೆ ನಿಂತಿದ್ದೆಯಲ್ಲ, ಜನ ಅದನ್ನು ನೋಡಿ ಉಳಿದದ್ದನ್ನು ಅವರೇ ಸೇರಿಸಿಕೊಂಡರು. ನಾನೂ ಸೇರಿಸಿಕೊಂಡಿದ್ದೆ. ಎಪ್ಪತ್ತೊಂದರ ಯುದ್ಧದಲ್ಲಿ ನಮ್ಮ ತಾತ ಎಷ್ಟೊಂದು ಜನರನ್ನು ಹೊಡೆದು ಹಾಕಿದ್ದಾನೆ ಎಂದು ಶಾಲೆಯಲ್ಲಿ ಹೇಳಿಕೊಂಡು ತಿರುಗಿದೆ. ಒಂದು ದಿನ ನಿನ್ನನ್ನೇ ಕೇಳಿದೆ. "ಗನ್ನಾ? ಟ್ರೈನಿಂಗಲ್ಲಿ ಇಡ್ದಿದ್ದೆ ಕಣ್ಲಾ. ಆಮೇಲೆಲ್ಲ ಸೌಟೇ." ದಂಡಿನ ಮೈದಾನದಲ್ಲಿ ಸೈನ್ಯಕ್ಕೆ ಆಳು ಸೇರಿಸಿಕೊಳ್ಳುವಾಗ ಆಫೀಸರು ಏನು ಕೆಲಸ ಬರುತ್ತದೆ ಎಂದು ಕೇಳಿದನಂತೆ. ಅವ್ವ ಇಲ್ಲದ ಮನೆಯಲ್ಲಿ ತಮ್ಮಂದಿರಿಗೆ ಬೇಯಿಸಿ ಹಾಕಿದ್ದ ನೀನು "ಅಡಿಗೆ" ಎಂದೆಯಂತೆ. "ಇದ್ದದ್ದ್ ಇದ್ದಂಗೇಳ್ದೆ. ಏನೂ ಬರಲ್ಲ ಅಂದಿದ್ರೆ ಗನ್ ಕೊಡ್ತಿದ್ರೋ ಏನೋ." ಹಾಗೆ ಹೇಳಿ ನಕ್ಕೆ. ಆ ನಗು ಎಂಥದ್ದು ತಾತ? ನಿಜ ಹೇಳಿದ್ದಕ್ಕೆ ಬೇಜಾರಿತ್ತಾ ನಿನಗೆ? ಆಗಲೇ ಕೇಳಬೇಕಿತ್ತು...

ಫ್ಲೆಕ್ಸ್ ಅಂಗಡಿಗೆ ಕೆಲಸಕ್ಕೆ ಸೇರಿದಾಗ ನೀನೊಬ್ಬನೇ ಖುಷಿಪಟ್ಟದ್ದು. ಅದಕ್ಕೆ ಮೊದಲು ನಾನು ಎಷ್ಟು ಕಡೆ ಸೇರಿ ಎಷ್ಟು ಕಡೆ ಬಿಟ್ಟೆ ಎಂದು ಅಮ್ಮ ಈಗಲೂ ಆಡಿಕೊಳ್ಳುತ್ತಾಳೆ. ಅಲ್ಲಿ ಏನು ಮಾಡುತ್ತೀಯ ಎಂದು ನೀನು ಕೇಳಿದ್ದೆ. ತಲೆ ಕತ್ತರಿಸಿ ಅಂಟಿಸುತ್ತೇನೆ ಎಂದು ನಾನು ಹೇಳಿದ್ದೆ. ನಿಜವಾಗಿ ಅದೇ ಕೆಲಸ. ಹುಟ್ಟುಹಬ್ಬದ ಹುಡುಗನ ತಲೆಯನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಯಾರದೋ ಕೋಟಿನ ಮೈಗೆ ಕೂರಿಸಬೇಕು. ಸತ್ತವರ ತಲೆಯನ್ನು ರೇಷ್ಮೆ ಶಾಲಿನ ಮೈಗೆ. ಓಟರ್ ಕಾರ್ಡಿನ ಫೋಟೋ ತಂದು ಕೊಟ್ಟು, ಕುತ್ತಿಗೆಗೆ ಚಿನ್ನದ ಸರ ಹಾಕಿ ಎನ್ನುವವರೂ ಇದ್ದಾರೆ. ಯಾರಿಗೂ ಅದು ಸುಳ್ಳು ಅನಿಸುವುದಿಲ್ಲ. ನನಗೆ ಪ್ರತಿ ಸಲ ಕೈ ತಡೆಯುತ್ತದೆ. ತಡೆದರೂ ಮಾಡುತ್ತೇನೆ, ಸಂಬಳ ಅದಕ್ಕೇ.

ಮಂಜಣ್ಣ ಅಂಗಡಿಗೆ ಬಂದ ದಿನದ ಮಾತು ನಿನಗೆ ಪೂರ್ತಿ ಹೇಳಿರಲಿಲ್ಲ. ನಮ್ಮ ಬೀದಿಯ ಯುವಕರ ಸಂಘಕ್ಕೆ ಅವನೇ ಅಧ್ಯಕ್ಷ ಅಲ್ಲವಾ. "ಮಗಾ, ಆಗಸ್ಟ್ ಹದಿನೈದಕ್ಕೆ ನಿಮ್ ತಾತಂಗೆ ಸನ್ಮಾನ ಕಣೋ. ಸಕ್ಕತ್ತಾಗಿ ಒಂದು ಫ್ಲೆಕ್ಸ್ ಹೊಡಿ. ಕೈಲಿ ಗನ್ ಇರ್ಬೇಕು."

"ತಾತ ಯುದ್ಧದಲ್ಲಿ ಗನ್ ಹಿಡ್ದಿಲ್ಲ ಅಣ್ಣ. ಪಟಾಲಮ್ಮಿಗೆ ಅಡಿಗೆ ಮಾಡ್ತಿದ್ದ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಬಿದ್ದು ಬಿದ್ದು ನಕ್ಕ. "ಹಂಗಾದ್ರೆ ಮಿಲ್ಟ್ರಿ ಹೋಟ್ಲು ಅನ್ನು! ಲೋ ಗುರು, ಸೌಟು ಹಿಡ್ಕೊಂಡಿರೋ ಫೋಟೋ ಹಾಕಿದ್ರೆ ಜನ ಕೇಟರಿಂಗ್ ಬೋರ್ಡು ಅನ್ಕೊಂಡು ಫೋನ್ ನಂಬರ್ ಕೇಳ್ತಾರೆ. ಸುಮ್ನೆ ಗನ್ ಹಾಕು."

ಹಾಕಿದೆ. ಆದರೆ ಪ್ರಿಂಟಿಗೆ ಕೊಡುವ ಮೊದಲು ಮೊಬೈಲಿನಲ್ಲಿ ನಿನಗೆ ತೋರಿಸಿದೆ, ನೆನಪಿದೆಯಾ? ನೀನು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದೆ.

"ಯಾರ್ಲಾ ಇವ್ನು?"

"ನೀನೇ ತಾತ. ತಲೆ ನಿಂದು. ಮಿಕ್ಕಿದ್ದು ಇಂಟರ್ನೆಟ್ಟಿಂದು."

"ಕೈ ಯಾರ್ವು?"

"ಗೊತ್ತಿಲ್ಲ. ಯಾವನೋ ಸಿಪಾಯಿದು. ಬೇಡ ಅಂದ್ರೆ ತೆಗೆದಾಕ್ತೀನಿ. ಬೇಕಾ ಬೇಡ್ವಾ, ನೀನೇ ಹೇಳು."

"ಬಿಡು. ಹುಡುಗ್ರು ಆಸೆ ಪಟ್ಟವ್ರೆ." ಅಷ್ಟು ಹೇಳಿ ಮತ್ತೆ ಫೋನ್ ಕೇಳಿ ಇಸಿದುಕೊಂಡೆ. ಇನ್ನೊಂದು ಸಲ ನೋಡಿದೆ. ಆ ಎರಡನೇ ಸಲ ನೀನು ಯಾಕೆ ನೋಡಿದೆ ಎನ್ನುವುದು ನನ್ನ ತಲೆಯಿಂದ ಹೋಗುತ್ತಿಲ್ಲ.

ಸನ್ಮಾನದ ಬೆಳಗ್ಗೆ ನಿನಗೆ ಪೇಟ ಕಟ್ಟಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಪೇಟ ದೊಡ್ಡದಾಗಿ ಕಿವಿಯವರೆಗೆ ಇಳಿದಿತ್ತು. ಮಂಜಣ್ಣ ಮೈಕಿನಲ್ಲಿ "ಶತ್ರುಗಳ ಎದೆ ಸೀಳಿದ ವೀರ" ಎಂದು ಕೂಗಿದ. ನಾನು ಸ್ಪೀಕರ್ ಬಾಕ್ಸಿನ ಪಕ್ಕ ನಿಂತಿದ್ದೆ, ಬಾಯಿವರೆಗೆ ಮಾತು ಬಂದಿತ್ತು. ನೀನು ಕೈ ಮುಗಿದು ಸುಮ್ಮನೆ ಕೂತಿದ್ದೆ. ಮನೆಗೆ ಬಂದ ಮೇಲೆ ತಡೆಯಲಾಗದೆ ಕೇಳಿದೆ.

"ಅಷ್ಟು ಸುಳ್ಳು ಹೇಳಿದ್ನಲ್ಲ, ಯಾಕ್ ಸುಮ್ನಿದ್ದೆ?"

ನೀನು ಬುಟ್ಟಿಯಿಂದ ಒಂದು ಮೂಸಂಬಿ ತೆಗೆದು ಸುಲಿದೆ. "ಅವ್ರು ಕೇಳಿದ್ದು ಬಡಿಸ್ದೆ ಕಣ್ಲಾ. ಅಡಿಗೆಯೋನು ಇನ್ನೇನ್ ಮಾಡ್ತಾನೆ?" ಅರ್ಧ ಹಣ್ಣು ನನಗೆ ಕೊಟ್ಟೆ. ಹುಳಿ ಇತ್ತು.

ಆ ಫ್ಲೆಕ್ಸನ್ನು ನೀನು ಬಿಸಾಡಲು ಬಿಡಲಿಲ್ಲ. ಬಚ್ಚಲಮನೆಯ ಶೀಟು ಸೋರುತ್ತಿದೆ ಎಂದು ಅದರ ಮೇಲೆ ನೀನೇ ಹತ್ತಿ ಕಟ್ಟಿದೆ. ಬಿಳಿ ಬದಿ ಆಕಾಶಕ್ಕೆ, ಚಿತ್ರದ ಬದಿ ಒಳಕ್ಕೆ. ಕೇಳಿದರೆ "ಬಿಳೀದು ಮೇಲಿದ್ರೆ ಬಿಸ್ಲು ತಾಕಲ್ಲ" ಎಂದೆ. ಆದರೆ ಒಡೆದ ಶೀಟಿನ ಸಂದಿಯಲ್ಲಿ, ಸ್ನಾನಕ್ಕೆ ಕೂತಾಗ, ಮೇಲೆ ನೋಡಿದರೆ ಸರಿಯಾಗಿ ಆ ಗನ್ ಕಾಣುತ್ತದೆ. ಊರಿನವರಿಗೆ ಕಾಣದ ಹಾಗೆ ಮುಚ್ಚಿದೆಯಾ? ಅಥವಾ ನಿನಗೊಬ್ಬನಿಗೇ ಕಾಣಲಿ ಎಂದು...? ಬರೀ ಬಿಸಿಲಿಗೇ ಇರಬಹುದು. ಎಷ್ಟು ಸಲ ಯೋಚಿಸಿದರೂ ನನಗೆ ಮೂರೂ ನಿಜ ಅನಿಸುತ್ತದೆ.

ನಿನಗೆ ಉಸಿರಿನ ತೊಂದರೆ ಶುರುವಾದ ಮೇಲೆ ಒಂದು ಬೆಳಗ್ಗೆ ನಾನು ಹಿಂದಿನ ದಿನದ ಅನ್ನವನ್ನು ಬೀದಿ ನಾಯಿಗೆ ಹಾಕಲು ಹೊರಟಿದ್ದೆ. ನೀನು ಪಾತ್ರೆ ಕಿತ್ತುಕೊಂಡು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. "ಯುದ್ದದಲ್ಲಿ ಮುಂದುಕ್ಕೆ ಹೋದೋರು ಸಂಜೀಗೆ ಬತ್ತಾರೆ ಅಂತ ಎಲ್ರಿಗೂ ಬೇಯ್ಸಿದ್ದೆ. ಆ ಚಳೀಲಿ ಅನ್ನ ತಣ್ಣಗಾಗ್ದಂಗೆ ಕೆಂಡದ ಮೇಲೇ ಇಟ್ಕೊಂಡ್ ಕುಂತಿದ್ದೆ. ಉಳ್ಕೊಂಬುಡ್ತು ಕಣ್ಲಾ. ತಪ್ಪಲೆಗಟ್ಲೆ ಅನ್ನ."

"ಆಮೇಲೆ?"

"ಆಮೇಲೇನು. ಬಂದೋರ್ಗೆ ಬಡಿಸ್ದೆ."

ಬಾರದವರು ಎಷ್ಟು ಜನ ಎಂದು ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಅಷ್ಟು ವರ್ಷ ಕಳೆದರೂ, ಮೂರೇ ಜನರ ಮನೆಯಲ್ಲಿ ದಿನಾ ಆ ಪ್ರಶ್ನೆ ಯಾಕೆ ಕೇಳುತ್ತಿದ್ದೆ ಎನ್ನುವುದು ಮಾತ್ರ ಆಗ ತಿಳಿಯಿತು. ಆ ಅನ್ನವನ್ನು ನೀನು ಮಜ್ಜಿಗೆ ಹಾಕಿಕೊಂಡು ಒಂದು ಅಗುಳು ಬಿಡದೆ ತಿಂದೆ.

ಆಸ್ಪತ್ರೆಯಲ್ಲಿ ಕೊನೆಯ ಸಲ ನೀನು ಮಾತಾಡಿದ್ದು ನನ್ನ ಹತ್ತಿರ. ಕಣ್ಣು ಮುಚ್ಚಿಕೊಂಡೇ ಕೇಳಿದೆ, "ಎಷ್ಟ್ ಜನ ಬಂದ್ರು?" ಅಮ್ಮ ನನ್ನ ತೋಳು ಚಿವುಟಿ, "ಎಲ್ರೂ ಬಂದ್ರು ಅನ್ನೋ" ಎಂದು ಪಿಸುಗುಟ್ಟಿದಳು. ಹೇಳಬಹುದಿತ್ತು. ಎರಡೇ ಮಾತು. ಅಂಗಡಿಯಲ್ಲಿ ದಿನಾ ಎಷ್ಟೋ ಸುಳ್ಳು ಪ್ರಿಂಟ್ ಮಾಡುವವನಿಗೆ ಅದೊಂದು ಬಾಯಿಗೆ ಬರಲಿಲ್ಲ. "ಗೊತ್ತಿಲ್ಲ ತಾತ. ಕೇಳ್ಕೊಂಡ್ ಬಂದು ಹೇಳ್ತೀನಿ" ಎಂದೆ. ನೀನು ಹೂಂ ಎಂದೆ. ಮರುದಿನ ಬೆಳಗ್ಗೆ ಹೋಗಿಬಿಟ್ಟೆ. ಅಮ್ಮ ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಅವಳದ್ದು ಸರಿಯಾ, ನನ್ನದು ಸರಿಯಾ? ಆ ಹೂಂ ಅಂದರೆ ಏನು? ಕಾಯುತ್ತೇನೆ ಎಂದಾ?

ಶ್ರದ್ಧಾಂಜಲಿ ಫ್ಲೆಕ್ಸಿಗೆ ಮಂಜಣ್ಣ ಅವತ್ತೇ ಹೇಳಿದ, "ಅದೇ ಫೋಟೋ ಹಾಕು ಮಗಾ, ಗನ್ ಇರೋದು." ಅಮ್ಮನೂ ಅದನ್ನೇ ಹೇಳಿದಳು, ನಿನ್ನ ಮುಖ ಅದರಲ್ಲಿ ಚೆನ್ನಾಗಿದೆಯಂತೆ. ನಾನು ಕಂಪ್ಯೂಟರ್ ಮುಂದೆ ಕೂತೆ. ಗನ್ ಇಟ್ಟರೆ ನೀನು ಮಾಡಿದ ಕೆಲಸ ಸುಳ್ಳಾಗುತ್ತದೆ. ಸೌಟು ಹಾಕಿದರೆ ನೀನು ಎರಡನೇ ಸಲ ಫೋನ್ ಇಸಿದುಕೊಂಡು ನೋಡಿದ್ದು... ಕೊನೆಗೆ ಗನ್ ಒಂದನ್ನು ಅಳಿಸಿದೆ. ಅದರ ಜಾಗಕ್ಕೆ ಏನನ್ನೂ ಹಾಕಲಿಲ್ಲ. ಆ ಗುರುತಿಲ್ಲದ ಸಿಪಾಯಿಯ ಎರಡು ಕೈ ಮಾತ್ರ ಉಳಿದವು, ಎದೆಯ ಮುಂದೆ, ಮುಷ್ಟಿ ಕಟ್ಟಿಕೊಂಡು. ಅದೇನೋ ಭಾರವಾದದ್ದನ್ನು, ಬಿಸಿಯಾದದ್ದನ್ನು ಎತ್ತಿಕೊಂಡು ಹೋಗುತ್ತಿರುವ ಹಾಗೆ ಕಂಡಿತು. ಹಾಗೇ ಪ್ರಿಂಟ್ ಕೊಟ್ಟು ಬೀದಿ ಮೂಲೆಯಲ್ಲಿ ಕಟ್ಟಿದೆ.

ಮಂಜಣ್ಣ ನೋಡಿ ತಲೆ ಚಚ್ಚಿಕೊಂಡ. "ಏನೋ ಇದು? ಕೈಲಿ ಗಾಳಿ ಹಿಡ್ಕೊಂಡವ್ರಾ ನಿಮ್ ತಾತ?" ಆದರೆ ತಾತ, ಆ ಗಾಳಿಯನ್ನು ನೋಡಿ ಜನ ನಿಲ್ಲತೊಡಗಿದರು. ಗನ್ ಇದ್ದಾಗ ಒಬ್ಬರೂ ನಿಂತಿರಲಿಲ್ಲ. ತರಕಾರಿ ಗಾಡಿಯವನು ನಿಂತ. ನಿನ್ನ ಫ್ಯಾಕ್ಟರಿಯ ರಿಟೈರಾದ ಮುದುಕರು ನಿಂತರು. ರಿಂಗ್ ರೋಡಿನ ಪಕ್ಕದ ಕಟ್ಟಡದ ಕೆಲಸಕ್ಕೆ ಬಂದು ಶೆಡ್ಡಿನಲ್ಲಿರುವ ರಾಯಚೂರಿನವರೊಬ್ಬರು ನಿಂತು ನನ್ನನ್ನು ಕೂಗಿದರು. "ಏ ತಮ್ಮಾ, ಅಜ್ಜಾರ ಕೈಯಾಗ ಏನೋ ಇರಬೇಕಿತ್ತಲ್ಲೋ? ಅಳಿಸಿ ಹೋಗೇತೇನು?"

"ಇಲ್ಲಣ್ಣ, ನಾನೇ ಅಳಿಸಿದ್ದು. ನಮ್ ತಾತ ಯುದ್ಧದಲ್ಲಿ ಅಡಿಗೆ ಮಾಡ್ತಿದ್ದ. ಅನ್ನ ಹೊತ್ಕೊಂಡು ಹೋಗ್ತಿದ್ದ."

ಅವರು ಫ್ಲೆಕ್ಸನ್ನು ಮತ್ತೆ ನೋಡಿದರು. "ಹಂಗಾರ ಸರಿ ಐತಿ ಬಿಡು" ಎಂದರು. ನನಗೆ ಏನನ್ನಿಸಿತೋ, "ಭಾನುವಾರ ತಿಥಿ, ಊಟಕ್ಕೆ ಬನ್ನಿ" ಎಂದೆ. ಆಮೇಲೆ ಕೇಳಿದವರಿಗೆಲ್ಲ ಅದನ್ನೇ ಹೇಳಿದೆ. ಅಮ್ಮನಿಗೆ ತಿಳಿಸಲಿಲ್ಲ. ಯಾರು ಬರುತ್ತಾರೆ, ಎಷ್ಟು ಜನ ಬರುತ್ತಾರೆ, ನನಗೇ ಗೊತ್ತಿರಲಿಲ್ಲವಲ್ಲ.

ಈಗ ಸುದ್ದಿ. ಬೀದಿಯವರೆಲ್ಲ ಬಂದರು. ಶೆಡ್ಡಿನವರು ಹೆಂಗಸರು ಮಕ್ಕಳನ್ನೆಲ್ಲ ಕರೆದುಕೊಂಡು, ತಲೆ ಬಾಚಿಕೊಂಡು, ಒಳ್ಳೆ ಬಟ್ಟೆ ಹಾಕಿಕೊಂಡು ಬಂದರು. ಶಾಮಿಯಾನದಲ್ಲಿ ಜಾಗ ಸಾಲದೆ ರಸ್ತೆಯ ಮೇಲೆ ಎಲೆ ಹಾಕಿದೆವು. ಮೊದಮೊದಲು ಎಣಿಸುತ್ತಿದ್ದೆ, ಆಮೇಲೆ ತಪ್ಪಿತು. ಎರಡನೇ ಪಂಕ್ತಿ ಅರ್ಧ ಆಗುವಾಗ ಅಡಿಗೆ ಭಟ್ಟರು ಓಡಿ ಬಂದು, "ಎಷ್ಟ್ ಜನ ಅಂತ ಸರಿಯಾಗಿ ಹೇಳೋದಲ್ವೇನಪ್ಪಾ?" ಎಂದು ನನ್ನ ಮೇಲೆ ಕೂಗಾಡಿದರು. ಅಮ್ಮ ಮಾನ ಹೋಯಿತು ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ನನಗೆ ನಗು, ಅಳು ಯಾವುದು ಮೊದಲು ಬಂತೋ ತಿಳಿಯಲಿಲ್ಲ. ಅಂಗಡಿಗೆ ಓಡಿ ಅಕ್ಕಿ ತಂದೆ, ನಾನೇ ತೊಳೆದೆ.

ನೀನು ಅವತ್ತು ಕಾದದ್ದು ಇವರಿಗಾಗಿ ಅಲ್ಲ, ಅದು ನನಗೆ ಗೊತ್ತು. ಅವತ್ತು ಮುಂದಕ್ಕೆ ಹೋದವರಲ್ಲಿ ಎಷ್ಟು ಜನ ವಾಪಸ್ ಬಂದರು ಎನ್ನುವುದು ನನಗೆ ಇವತ್ತೂ ಗೊತ್ತಿಲ್ಲ, ಗೊತ್ತಿದೆ ಎಂದು ಹೇಳುವುದೂ ಇಲ್ಲ. ಆದರೆ ಕೇಳಿಕೊಂಡು ಬಂದು ಹೇಳುತ್ತೇನೆ ಎಂದಿದ್ದೆನಲ್ಲ. ಕಣ್ಣಾರೆ ನೋಡಿದ್ದನ್ನು ಹೇಳುತ್ತಿದ್ದೇನೆ, ಒಂದಿಷ್ಟೂ ಅಂಟಿಸದೆ.

ಅನ್ನ ಸಾಲಲಿಲ್ಲ, ತಾತ. ಮತ್ತೆ ಒಲೆ ಹಚ್ಚಿದೆವು.

ನಿನ್ನ
ಸೀನ