ಗುಡ್ಡದ ಆಚೆ ಡಿಚೋಲಿ

ಶಿವಬಸವ ನಗರ, ಬೆಳಗಾವಿ
೨೯ ಡಿಸೆಂಬರ್ ೧೯೮೧, ಮಂಗಳವಾರ

ಚಿ. ಸೌ. ಗಂಗಾದೇವಿಗೆ, ನಿನ್ನ ಅವ್ವನ ಆಶೀರ್ವಾದಗಳು.

ನಿನ್ನ ಹೆಸರಿಗೆ ‘ಸೌ.’ ಹಚ್ಚಿ ಬರೆಯುತ್ತಿರುವುದು ಇದೇ ಮೊದಲು. ಬರೆದು, ಪೆನ್ನು ಕೆಳಗಿಟ್ಟು, ಹೊರಗೆ ಹೋಗಿ ಹುಡುಗಿಯರ ಊಟದ ಪಂಕ್ತಿ ನೋಡಿಕೊಂಡು ಬಂದೆ. ಬಂದು ಮತ್ತೆ ಓದಿದೆ. ಹೊಡೆದು ಹಾಕಬೇಕೆನಿಸಲಿಲ್ಲ.

ಆರೂವರೆ ವರ್ಷದ ಮೇಲೆ ಅವ್ವನ ಅಕ್ಷರ ಕಂಡು ಏನೋ ಕೆಟ್ಟ ಸುದ್ದಿ ಇರಬೇಕೆಂದು ಗಾಬರಿಯಾಗಬೇಡ. ನಾನು ಗಟ್ಟಿಯಾಗಿದ್ದೇನೆ. ಮೊಣಕಾಲು ಮಾತ್ರ ಎರಡು ದಿನದಿಂದ ನನ್ನ ಮಾತು ಕೇಳುತ್ತಿಲ್ಲ. ಮೊನ್ನೆ ಶನಿವಾರ ರಾತ್ರಿಯಿಡೀ ನಡೆದು ನಾನೊಂದು ಗುಡ್ಡ ಹತ್ತಿದೆ. ನಿನ್ನ ಸಲುವಾಗಿ ಹತ್ತಿದೆ. ಅದನ್ನು ಹೇಳಲೆಂದೇ ಈ ಪತ್ರ.

ಕಾಲೇಜಿನಲ್ಲಿ ಭೂಗೋಳ ಕಲಿಸುವ ಗುರುಪಾದಪ್ಪ ಸರ್ ನಮ್ಮ ಹಾಸ್ಟೆಲ್ಲಿನ ಇಪ್ಪತ್ತೆರಡು ಹುಡುಗಿಯರನ್ನು ಕಣಕುಂಬಿಯ ಆಚೆಗಿನ ದೊಡ್ಡ ಗುಡ್ಡಕ್ಕೆ ಕರೆದೊಯ್ದು, ತುದಿಯಲ್ಲಿ ಸೂರ್ಯೋದಯ ತೋರಿಸುವುದೆಂದು ನಿಶ್ಚಯಿಸಿದ್ದರು. ಒಂದು ಸಂಜೆ ಊಟಕ್ಕೆ ಕುಳಿತಾಗ ಒಬ್ಬ ಹುಡುಗಿ ಪಕ್ಕದವಳಿಗೆ ಹೇಳುತ್ತಿದ್ದಳು: “ನಸಿಕಿನ್ಯಾಗ ಮ್ಯಾಲ ನಿಂತ್ರ ಗೋವಾದ ಲೈಟ್ ಕಾಣ್ತಾವಂತ. ಸಾಖಳಿ, ಡಿಚೋಲಿ ಎಲ್ಲಾ ಕಾಣ್ತಾವಂತ.” ನಾನು ಆ ದಿನ ಒಬ್ಬಳಿಗೇ ಎರಡು ಸಲ ಸಾರು ಬಡಿಸಿದೆ.

ನೀನು ಕಳಿಸಿದ ಐದು ಪತ್ರಗಳ ಹಿಂದೆ ಡಿಚೋಲಿಯ ವಿಳಾಸವಿತ್ತು. ಆ ವಿಳಾಸವನ್ನಷ್ಟೇ ಓದಿ, ಬೇಡವೆಂದು ಬರೆಸಿ, ಒಡೆಯದೆ ತಿರುಗಿ ಕಳಿಸಿದವಳು ನಾನು. ಈಗ ಆ ಊರಿನ ಒಂದು ದೀಪ ಕಂಡರೆ ಸಾಕು ಎನಿಸಿಬಿಟ್ಟಿತು. ಮರುದಿನವೇ ಪ್ರಾಚಾರ್ಯರ ಮುಂದೆ ನಿಂತು, ಹುಡುಗಿಯರ ಸಂಗಡ ಮೇಟ್ರನ್ ಇರಲೇಬೇಕು, ನಾನು ಹೋಗುತ್ತೇನೆ ಎಂದೆ. ಐವತ್ತೊಂದು ವಯಸ್ಸಿಗೆ ಇದೇನು ಹುಚ್ಚು ಎಂಬಂತೆ ಅವರು ನನ್ನನ್ನು ನೋಡಿದರು. ಕುರಿ ಕಾಯುವ ರಾಯಪ್ಪನ ಮಗಳು ನಾನು, ಗುಡ್ಡ ನನಗೆ ಹೊಸದಲ್ಲ ಎಂದು ಹೇಳಿ ಬಂದೆ.

ಕಣಕುಂಬಿಯಲ್ಲಿ ಬಸ್ಸಿಳಿದು ಊಟ ಮುಗಿಸಿ ಹೊರಟಾಗ ಹತ್ತು ಗಂಟೆ. ದಾರಿ ತೋರಿಸಲು ಸಿದರಾಯ ಎಂಬ ಕುರುಬ ಮುದುಕ ಲಾಟೀನು ಹಿಡಿದು ಮುಂದೆ ನಡೆದ. ಚಂದ್ರನಿರಲಿಲ್ಲ. ಗಾಳಿ ಬೀಸಿದರೆ ಕಿವಿಯೊಳಗೆ ಸೂಜಿ ಹೊಕ್ಕಂತೆ. ಹುಡುಗಿಯರು ಕಾಲುಚೀಲಗಳನ್ನು ಕೈಗೆ ಹಾಕಿಕೊಂಡಿದ್ದರು. ಇಬ್ಬನಿಗೆ ನನ್ನ ಸೀರೆಯ ಅಂಚು ಮೊಣಕಾಲ ತನಕ ತೊಯ್ದು ಹಲಗೆಯಂತೆ ಬಡಿಯುತ್ತಿತ್ತು. ಮೈಮೇಲೆ ಅಪ್ಪನ ಕಂಬಳಿ. ಬಾಯಿಂದ ಹೊಗೆ. ಅಷ್ಟು ಚಳಿಯಲ್ಲೂ ನಾನು ಎಲ್ಲರಿಗಿಂತ ಮುಂದೆ, ಸಿದರಾಯನ ಬೆನ್ನು ಹತ್ತಿ ನಡೆದೆ. ಕಾಲುಗಳು ತಾವಾಗಿಯೇ ಕಲ್ಲು ಹುಡುಕಿಕೊಳ್ಳುತ್ತಿದ್ದವು. ನೀನು ನೋಡಿದ್ದರೆ ನಗುತ್ತಿದ್ದೆ.

ನಡೆಯುತ್ತ ನಿನ್ನದೇ ನೆನಪು. ನಿನ್ನ ಅಪ್ಪ ಹೋದಾಗ ನಿನಗೆ ಒಂಬತ್ತು. ಈ ಹಾಸ್ಟೆಲ್ಲಿನ ಹತ್ತಡಿ ಕೋಣೆಯಲ್ಲಿ ನಾವಿಬ್ಬರು ಒಂದೇ ಹಾಸಿಗೆಯಲ್ಲಿ ಮಲಗಿ ಹತ್ತು ವರ್ಷ ಕಳೆದೆವು. ಖಾನಾಪುರದಿಂದ ವೈರಿಂಗ್ ಕೆಲಸಕ್ಕೆ ಬಂದ ಹಿದಾಯತುಲ್ಲಾನ ಸಂಗಡ ನೀನು ಮದುವೆಯಾಗುತ್ತೇನೆ ಎಂದ ದಿನ, ಈ ಗೇಟಿನೊಳಗೆ ಮತ್ತೆ ಕಾಲಿಡಬೇಡ ಎಂದೆ. ಜಾತಿ ಧರ್ಮ ಎಂದು ಏನೇನೋ ಕೂಗಾಡಿದೆ. ಆದರೆ ನನಗೆ ಫಕೀರವ್ವ ಎಂಬ ಹೆಸರು ಬಂದದ್ದು ಎಲ್ಲಿಂದ? ನನಗಿಂತ ಮೊದಲು ಹುಟ್ಟಿದ ಮೂರು ಕೂಸು ಉಳಿಯದೆ, ನಮ್ಮವ್ವ ಕಾಡವ್ವ, ದರ್ಗಾಕ್ಕೆ ಹರಕೆ ಹೊತ್ತು ಸಕ್ಕರೆಗೆ ಫಾತಿಹಾ ಓದಿಸಿ ನನ್ನನ್ನು ಪಡೆದಳು. ಆ ಹೆಸರು ಹೊತ್ತುಕೊಂಡೇ ನಿನ್ನ ಗಂಡನನ್ನು ಹೊಸ್ತಿಲಿಂದ ಅಟ್ಟಿದೆ. ಖರೆ ಹೇಳಬೇಕೆಂದರೆ ನನಗೆ ಸಿಟ್ಟು ಬಂದದ್ದು ಅವನ ಮೇಲಲ್ಲ. ಊರ ಹೆಣ್ಣುಮಕ್ಕಳನ್ನು ಕಾಯುವವಳಿಗೆ ತನ್ನ ಮಗಳನ್ನು ಕಾಯಲಾಗಲಿಲ್ಲ ಎಂದು ಹಾಸ್ಟೆಲ್ ಕಮಿಟಿಯವರು ನನ್ನೆದುರೇ ಆಡಿಕೊಂಡರು. ಅದರ ಉರಿಯನ್ನು ನಿನ್ನ ಮೇಲೆ ಕಾರಿದೆ.

ಮೂರು ಗಂಟೆಯ ಸುಮಾರಿಗೆ ಗುಲಶನ ಹಿಂದೆ ಬಿದ್ದಳು. ವಡಗಾವಿಯ ನೇಕಾರರ ಮನೆಯ ಹುಡುಗಿ, ಹದಿನೇಳು ವರ್ಷ, ಕಡ್ಡಿಯಂಥ ಮೈ. ಉಸಿರು ಸಾಲುತ್ತಿರಲಿಲ್ಲ. ಸರ್ ಉಳಿದವರನ್ನು ಕರೆದುಕೊಂಡು ಮುಂದೆ ಹೋದರು. ಇವಳನ್ನು ನಿಧಾನವಾಗಿ ತರುವುದು ನನ್ನ ಪಾಲಿಗೆ ಬಂತು. ಹತ್ತು ಹೆಜ್ಜೆ ಇಟ್ಟರೆ ಕೂತುಬಿಡುತ್ತಿದ್ದಳು. ಮೇಲೆ ಲಾಟೀನು ಸಣ್ಣದಾಗುತ್ತ ಹೋಯಿತು. ಬೆಳಕು ಹರಿದರೆ ದೀಪ ಕಾಣುವುದಿಲ್ಲವಲ್ಲ ಎಂದು ನನ್ನ ಜೀವ ಒದ್ದಾಡುತ್ತಿತ್ತು.

ಕಡೆಗೆ ಅವಳೇ ಅಂದಳು: “ಅಕ್ಕಾರ, ನೀವು ಹೋಗ್ರಿ. ನಾ ಇಲ್ಲೇ ಕುಂದರ್ತೀನಿ.”

ನಾನು ಹೋದೆ, ಗಂಗೂ. ಟಾರ್ಚು ಅವಳ ಕೈಗೆ ಕೊಟ್ಟು, ಕಂಬಳಿಯನ್ನು ಮಾತ್ರ ನನ್ನ ಹೆಗಲ ಮೇಲೆಯೇ ಇಟ್ಟುಕೊಂಡು, ಬಂಡೆಯ ಬುಡದಲ್ಲಿ ಅವಳನ್ನು ಬಿಟ್ಟು ಹತ್ತಿದೆ. ಇದನ್ನು ಸರ್‌ಗೂ ಹೇಳಿಲ್ಲ, ಯಾರಿಗೂ ಹೇಳಿಲ್ಲ. ಕಾಲು ಗಂಟೆ ಆಗಿರಬೇಕು. ಕೆಳಗಿನಿಂದ ಅವಳು “ಅಮ್ಮೀ” ಎಂದು ಕೂಗಿದ್ದು ಕೇಳಿಸಿತು. ನನ್ನನ್ನು ಕರೆದದ್ದಲ್ಲ. ವಡಗಾವಿಯಲ್ಲಿ ಮಲಗಿದ್ದ ತನ್ನ ತಾಯಿಯನ್ನು ಕತ್ತಲಲ್ಲಿ ಕೂಗಿಕೊಂಡದ್ದು. ಇನ್ನೊಂದು ಅರ್ಧ ತಾಸು ಹತ್ತಿದ್ದರೆ ನನಗೆ ಡಿಚೋಲಿ ಕಾಣುತ್ತಿತ್ತು. ನಿಂತೆ. ಮೇಲೆ ನೋಡಿದೆ. ಆಮೇಲೆ ಬಂದ ದಾರಿಯಲ್ಲೇ ಜಾರುತ್ತ ಇಳಿದೆ.

ಅವಳು ಮುದುಡಿ ಕುಳಿತಿದ್ದಳು, ಹಲ್ಲು ಕಟಕಟ ಅನ್ನುತ್ತಿದ್ದವು. ಕಂಬಳಿಯೊಳಗೆ ಎಳೆದುಕೊಂಡು ಅಂಗೈ ಉಜ್ಜಿದೆ. “ಬಿಟ್ಟು ಹೋದ್ರಿ ಅಂತ ತಿಳದಿದ್ನಿರಿ” ಅಂದಳು. ಇಲ್ಲ ಎಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ. ನನ್ನ ಎದೆಗೆ ತಲೆಯಿಟ್ಟು ಹಾಗೇ ನಿದ್ದೆ ಹೋದಳು. ನಿನ್ನ ತಲೆಯ ಭಾರ ಎಷ್ಟಿತ್ತೆಂಬುದು ನನ್ನ ಮೈಗೆ ಮರೆತಿರಲಿಲ್ಲ. ಅವಳದು ಅದಕ್ಕಿಂತ ಹಗುರ.

ನಾವಿಬ್ಬರು ತುದಿ ಮುಟ್ಟಿದಾಗ ಹೊತ್ತು ಮೂಡಿ ಆಗಿತ್ತು. ಹುಡುಗಿಯರು ಮೂಡಣಕ್ಕೆ ಮುಖ ಮಾಡಿ ಹಾಡು ಹೇಳುತ್ತ ಚಹಾ ಕುಡಿಯುತ್ತಿದ್ದರು. ನಾನು ಪಡುವಣದ ಅಂಚಿಗೆ ಹೋದೆ. ಕೆಳಗೆ ಬರೀ ಮಂಜು. ಹಿಂಜಿದ ಅರಳೆಯನ್ನು ಕಣಿವೆ ತುಂಬ ಒಟ್ಟಿದಂತೆ. ನಸುಕಿನಲ್ಲಿ ದೀಪಗಳು ಚೆಲ್ಲಾಪಿಲ್ಲಿಯಾಗಿ ಕಂಡವೆಂದು ಎಲ್ಲರೂ ಹೇಳಿದರು. ನಾನು, ಗುಲಶನ ಇಬ್ಬರೇ ನೋಡಲಿಲ್ಲ. ಒಂದು ತಾಸು ನಿಂತೆ. ಮಂಜು ಕದಲಲಿಲ್ಲ. ಚಳಿಗೆ ಕಣ್ಣಲ್ಲಿ ನೀರು ಬರುತ್ತದೆ ಎಂದು ಹುಡುಗಿಯರಿಗೆ ಹೇಳಿದೆ.

ಸಿದರಾಯ ಬಂದು ಬಾಜುವಿನಲ್ಲಿ ಕುಂತ. ಏನು ನೋಡುತ್ತೀರಿ ಎಂದು ಕೇಳಿದ. ಆ ಕಡೆ ಡಿಚೋಲಿಯಲ್ಲಿ ನನ್ನ ಮಗಳಿದ್ದಾಳೆ ಎಂದೆ. ಆರೂವರೆ ವರ್ಷದಲ್ಲಿ ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಆ ಪರಿಚಯವಿಲ್ಲದ ಮುದುಕನ ಮುಂದೆ.

“ಡಿಚೋಲ್ಯಾಗೇನ್ರಿ? ಮತ್ತ ಇಲ್ಲಿ ನಿಂತು ಯಾಕ ನೋಡ್ತೀರಿ? ಆ ಗಿಡದ ಕೆಳಗಿಂದ ಕಾಲ್ದಾರಿ ಐತಿ. ನಾವು ಕುರಿ ಹೊಡಕೊಂಡು ಇಳೀತೀವಿ. ಮುಂಜಾನಿ ಬಿಟ್ರ ಹೊತ್ತು ಮುಣಗೂದ್ರಾಗ ಹೋಗಿ ಮುಟ್ಟಬಹುದು.”

ಅವನಿಗೆ ಅದು ಕುರಿಯ ದಾರಿ, ಅಷ್ಟೇ. ನಾನು ಮಾತ್ರ ಇಷ್ಟು ದಿನ ಅದನ್ನು ಬೇರೆ ಲೋಕವೆಂಬಂತೆ ಮಾಡಿಕೊಂಡು ಕುಳಿತಿದ್ದೆ. ಆಗಲೇ ಇಳಿದುಬಿಡಬೇಕೆನಿಸಿತು. ಆದರೆ ಇಪ್ಪತ್ತೆರಡು ಹುಡುಗಿಯರಿದ್ದರು. ಒಬ್ಬಳನ್ನು ಬಿಟ್ಟು ಹೋದದ್ದೇ ಸಾಕಾಗಿತ್ತು.

ತಿರುಗಿ ಬರುವಾಗ ಅವರನ್ನೆಲ್ಲ ಸರ್ ಸಂಗಡ ಬೆಳಗಾವಿಗೆ ಕಳಿಸಿ ನಾನು ಖಾನಾಪುರದಲ್ಲಿ ಇಳಿದೆ. ನಿನ್ನ ಅತ್ತೆಯ ಮನೆ ಕೇಳಿಕೊಂಡು ಹೋದೆ. ನಜ್ಮುನ್ನಿಸಾ ಬಾಗಿಲು ತೆರೆದರು. ನಾ ಗಂಗೂನ ಅವ್ವ ಎಂದೆ. ಬೈದಾರು ಎಂದುಕೊಂಡಿದ್ದೆ. ಅವರು ನನ್ನ ಕಾಲು ನೋಡಿದರು. “ಯಾ ಅಲ್ಲಾ, ಎಷ್ಟು ಬಾತಾವ! ಒಳಗ ಬರ್ರಿ, ಕುಂದರ್ರಿ, ಬಿಸಿನೀರು ಕಾಸ್ತೀನಿ” ಎಂದರು. ಆರು ವರ್ಷದ ಮಾತು ಒಂದೂ ತೆಗೆಯಲಿಲ್ಲ. ಗೋಡೆಯ ಮೇಲಿನ ಫೋಟೋ ಇಳಿಸಿ ಸೆರಗಿನಿಂದ ಒರೆಸಿ ನನ್ನ ತೊಡೆಯ ಮೇಲಿಟ್ಟರು. ಅದರಲ್ಲಿ ಸ್ಟೂಲಿನ ಮೇಲೆ ಕುಳಿತ ನಿನ್ನ ಮಗಳು, ಸಿಡುಕು ಮೋರೆ. ಹೆಸರು ಬಿಲ್ಕೀಸ, ಬರುವ ಜೂನಿಗೆ ಸಾಲಿಗೆ ಹಾಕುತ್ತಾರೆ ಎಂದರು. ಎಷ್ಟು ಚಂದದ ಹೆಸರು, ಈಗಲೇ ಮೊದಲ ಸಲ ಕೇಳಿದೆ ಎಂದೆ.

ಸಂಕ್ರಾಂತಿಗೆ ನನಗೆ ನಾಲ್ಕು ದಿನ ರಜೆ ಇದೆ. ನಜ್ಮುನ್ನಿಸಾ ತಾವೂ ಬರುತ್ತೇನೆ ಎನ್ನುತ್ತಾರೆ. ನಾವಿಬ್ಬರು ಕೂಡಿ ಬಸ್ಸಿಗೆ ಬರಬೇಕೆಂದಿದ್ದೇವೆ. ಹಿದಾಯತುಲ್ಲಾ ಅವರಿಗೂ ಒಂದು ಮಾತು ಕೇಳು. ನೀವಿಬ್ಬರೂ ಹೂಂ ಅಂದರೆ ಒಂದು ಕಾರ್ಡು ಹಾಕು.

ಹುಡುಗಿಯರು ಮಲಗಿದ್ದಾರೆ. ಅವರ ಕೋಣೆಗಳ ಮುಂದೆ ಒಂದು ಸುತ್ತು ಹಾಕಿ ಬಂದು ನಮ್ಮ ಹಾಸಿಗೆ ಹಾಸುತ್ತೇನೆ. ಗೋಡೆಯ ಕಡೆಗೆ ನೀನು ಮಲಗುತ್ತಿದ್ದ ಜಾಗದಲ್ಲಿ ಇವತ್ತಿಗೂ ನಾನು ಕಾಲು ಚಾಚುವುದಿಲ್ಲ.

ನಿನ್ನ ಅವ್ವ,
ಫಕೀರವ್ವ

ತಾ.ಕ.: ಪತ್ರ ಅಂಟಿಸಿದವಳು ಮತ್ತೆ ಬಿಚ್ಚಿದೆ. ಬಿಲ್ಕೀಸ ಎಂಬ ಹೆಸರನ್ನು ಖಾನಾಪುರದಲ್ಲಿ ಮೊದಲ ಸಲ ಕೇಳಿದೆ ಎಂದದ್ದು, ನಿನ್ನ ಪತ್ರಗಳನ್ನು ಒಡೆಯದೆ ಕಳಿಸಿದೆ ಎಂದದ್ದು, ಎರಡೂ ಸುಳ್ಳು. ನಿನ್ನ ಐದೂ ಪತ್ರ ಓದಿದ್ದೇನೆ. ಹುಡುಗಿಯರಿಗೆ ಬರುವ ಪತ್ರಗಳನ್ನು ಹಬೆಗೆ ಹಿಡಿದು, ಬಿಚ್ಚಿ ಓದಿ, ಗುರುತು ಸಿಗದಂತೆ ಮತ್ತೆ ಅಂಟಿಸುವುದು ನಮ್ಮಂಥ ಮೇಟ್ರನ್‌ಗಳಿಗೆ ಗೊತ್ತಿರುವ ವಿದ್ಯೆ. ಅಂಚೆಯಣ್ಣನಿಗೆ ನಾಳೆ ಬಾ ಎಂದು ಹೇಳಿ, ನಿನ್ನವನ್ನೂ ಹಾಗೆಯೇ ಮಾಡಿ ತಿರುಗಿ ಕಳಿಸುತ್ತಿದ್ದೆ. ಮೂರನೆಯದರಲ್ಲಿ, ಹೆರಿಗೆಗೆ ಹದಿನೈದು ದಿನ ಇರುವಾಗ, “ಅವ್ವಾ, ನನಗ ಅಂಜಿಕಿ ಆಗೇದ, ಒಮ್ಮಿ ಬಂದು ಹೋಗು” ಎಂದು ಬರೆದಿದ್ದೆ. ಅದನ್ನೂ ಓದಿದೆ. ಅದನ್ನೂ ಅಂಟಿಸಿದೆ. ಇದನ್ನು ಮುಚ್ಚಿಟ್ಟು ನಿನ್ನ ಮನೆಗೆ ಬಂದು, ನಿನ್ನ ಕೈಯಿಂದ ಒಂದು ತಂಬಿಗೆ ನೀರು ಇಸಿದುಕೊಳ್ಳುವುದು ನನ್ನಿಂದ ಆಗದು.