ಲೇಟ್ ಲೋಲಾಕ್ಷಿ

ಮೊಹಮ್ಮದ್ ಬಿನ್ ಜಾಯೆದ್ ಸಿಟಿ,
ಅಬುಧಾಬಿ
೯ ಆಗಸ್ಟ್ ೨೦೧೬, ಮಂಗಳವಾರ

ನನ್ನ ಅಶ್ಮಿತಾ ಮಗಾ,

ಪಪ್ಪನ ಆಶೀರ್ವಾದ. ಸರಿಯಾಗಿ ಉಣ್ಣುತ್ತೀಯಾ, ನಿದ್ದೆ ಬರುತ್ತದಾ, ನಿನ್ನ ಕ್ವಾರ್ಟರ್ಸಿನ ಹಿಂಬಾಗಿಲಿನ ಚಿಲಕ ರಿಪೇರಿ ಆಯಿತಾ? ಆಗದಿದ್ದರೆ ಮಲಗುವಾಗ ಒಂದು ಕುರ್ಚಿ ಅಡ್ಡ ಇಡು. ಇಷ್ಟನ್ನೇ ಬರೆದು ಮುಂದೆ ಹೋಗಲಾರದೆ ಬೆಳಗ್ಗಿನಿಂದ ಮೂರು ಕಾಗದ ಹರಿದಿದ್ದೇನೆ. ಇದು ನಾಲ್ಕನೆಯದು.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನನ್ನ ಸ್ವರ ಸ್ವಲ್ಪ ನಡುಗಿದರೆ ಸಾಕು, ನೀನು ಮಗಳಾಗಿದ್ದವಳು ತಟ್ಟನೆ ನರ್ಸ್ ಆಗಿಬಿಡುತ್ತೀ. ಬಿ.ಪಿ. ಎಷ್ಟಿದೆ ಪಪ್ಪಾ, ಬೆಳಗಿನ ಮಾತ್ರೆ ತಗೊಂಡ್ರಾ ಎನ್ನುತ್ತೀ. ಹಾಗಾಗಿ ಕಾಗದ. ಬರೆದಾದ ಮೇಲೆ ಯಶ್ಮಿತಾ ಪುಟಗಳ ಫೋಟೋ ಹೊಡೆದು ನಿನಗೆ ವಾಟ್ಸಾಪಿನಲ್ಲಿ ಕಳಿಸುತ್ತಾಳೆ. ನಿನ್ನ ಅಣ್ಣ ರಂಜಿತ್‌ನ ಈ ಮಗಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಒಂದಕ್ಷರ ಬಾರದು. ಈ ಮನೆಯಲ್ಲಿ ನನ್ನ ಗುಟ್ಟಿಗೆ ಅದಕ್ಕಿಂತ ಗಟ್ಟಿಯಾದ ಬೀಗ ಇನ್ನೊಂದಿಲ್ಲ.

ಶನಿವಾರ ನೀನು ಕಳಿಸಿದ ಮೆಸೇಜಿನ ಕೊನೆಗೆ ಒಂದು ಸಾಲು ಇತ್ತು. ಆಂಟಿ ಎಲ್ಸಿ ಹತ್ತು ದಿನದಿಂದ ಕ್ಲಿನಿಕ್ಕಿನ ಕಡೆ ಕಾಣಿಸಲಿಲ್ಲ, ಮನೆಗೂ ಬೀಗ, ಯಾರನ್ನು ಕೇಳಿದರೂ ಸರಿಯಾಗಿ ಹೇಳುವುದಿಲ್ಲ ಎಂದು. ನೀನು ಸುಮ್ಮನೆ ಊರ ಸುದ್ದಿ ಎಂದು ಬರೆದದ್ದು. ನಾನು ಆವತ್ತಿನಿಂದ ಎ.ಸಿ.ಯ ಅಡಿಯಲ್ಲಿ ಕುಳಿತು ಬೆವರುತ್ತೇನೆ. ರಂಜಿತ್ ಇದು ಆಗಸ್ಟಿನ ಸೆಕೆ ಎಂದುಕೊಂಡಿದ್ದಾನೆ.

ಮೊದಲು ಒಂದು ಸುಳ್ಳನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ನಿನ್ನಲ್ಲಿಗೆ ಎರಡು ತಿಂಗಳಿಗೆಂದು ಬಂದವನು ಇಪ್ಪತ್ತನೇ ದಿನಕ್ಕೆ ಹೊರಟೆನಲ್ಲ, ವೀಸಾ ರಿನ್ಯೂವಲಿಗೆ ನಾನೇ ಬಂದು ಬೆರಳಚ್ಚು ಕೊಡಬೇಕಂತೆ, ರಂಜಿತ್ ಫೋನ್ ಮಾಡಿದ ಎಂದೆನಲ್ಲ, ಅಂಥದ್ದೇನೂ ಇರಲಿಲ್ಲ. ವೀಸಾ ಬರುವ ಮಾರ್ಚಿವರೆಗೆ ಇದೆ. ಎಲೆಕ್ಟ್ರಾ ಸ್ಟ್ರೀಟಿನ ಟೈಪಿಂಗ್ ಸೆಂಟರಿನಲ್ಲಿ ಇಪ್ಪತ್ತೊಂಬತ್ತು ವರ್ಷ ಊರವರೆಲ್ಲರ ವೀಸಾ ಫಾರಂ ತುಂಬಿಸಿದವನ ಮಾತೆಂದು ನೀನು ನಂಬಿದೆ. ಆ ಕೆಂಪು ಮಣ್ಣಿನ ರಸ್ತೆಯಲ್ಲಿ ಮೂರು ಗಂಟೆ ಜೀಪು ಓಡಿಸಿ ವಿಮಾನಕ್ಕೆ ಬಿಟ್ಟೆ. ದಾರಿಯುದ್ದಕ್ಕೂ ನೀನು ಅತ್ತೆ. ಕಪ್ಪು ಕನ್ನಡಕ ಹಾಕಿದರೆ ಪಪ್ಪನಿಗೆ ಗೊತ್ತಾಗುವುದಿಲ್ಲ ಎಂದುಕೊಂಡೆಯಾ? ನಾನೂ ಆಚೆ ಕಡೆ ಮುಖ ಮಾಡಿ ಅದನ್ನೇ ಮಾಡುತ್ತಿದ್ದೆ.

ನಾನು ಓಡಿ ಬಂದದ್ದು ಆಂಟಿ ಎಲ್ಸಿಯ ದೆಸೆಯಿಂದ. ಅಲ್ಲ, ಅವರ ತಪ್ಪಲ್ಲ. ಅವರಿಗೆ ನಾನು ಮಾಡಿದ್ದರ ದೆಸೆಯಿಂದ.

ನಾನು ಬಂದ ಎರಡನೇ ದಿನ ನೀನು ಡ್ಯೂಟಿಗೆ ಹೋದೆ. ಒಬ್ಬನೇ ಕುಳಿತು ಬೇಸರವಾಗಿ ಕ್ಲಿನಿಕ್ಕಿನ ಎದುರಿನ ಮರದಡಿಗೆ ಹೋದೆ. ಮರುಭೂಮಿ ನನಗೇನು ಹೊಸತಾ, ಮೂವತ್ತಮೂರು ವರ್ಷ ಮರುಭೂಮಿಯಲ್ಲೇ ಇದ್ದವನು ಎಂಬ ಜಂಬ ಇತ್ತು ನೋಡು. ಕಾರ್ಟರ್ಸ್ ವೆಲ್ ಎಂಬ ನಿಮ್ಮ ಆ ಮೂಲನಿವಾಸಿಗಳ ಊರಿನಲ್ಲಿ ಹತ್ತು ನಿಮಿಷ ನಿಂತಾಗ ತಿಳಿಯಿತು, ನಾನು ಇದ್ದದ್ದು ಎ.ಸಿ.ಯಲ್ಲಿ, ಮರುಭೂಮಿ ಇದ್ದದ್ದು ಕಿಟಕಿಯ ಆಚೆ. ಅಲ್ಲಿ ಹಾರ್ನ್ ಇಲ್ಲ, ಕ್ರೇನ್ ಇಲ್ಲ, ನನ್ನ ಕಿವಿಯ ಒಳಗಿನ ಗುಂಯ್ ಶಬ್ದ ನನಗೇ ಕೇಳುತ್ತಿತ್ತು. ಮರದಡಿ ಆಂಟಿ ಎಲ್ಸಿ ಕುಳಿತಿದ್ದರು. ಹೂವಿನ ಅಂಗಿ, ಬರಿಗಾಲು, ಪಕ್ಕದಲ್ಲಿ ಎರಡು ನಾಯಿ. ಸಣ್ಣ ಬೆಂಕಿಯಲ್ಲಿ ತಂತಿ ಕಾಯಿಸಿ, ನಮ್ಮ ಮಂಜೊಟ್ಟಿ ಕಾಳಿನಂಥ ಕೆಂಪು ಬೀಜಗಳಿಗೆ ತೂತು ಕೊರೆಯುತ್ತಿದ್ದರು. ಇಲ್ಲಿ ಹಿರಿಯರನ್ನು ಆಂಟಿ ಎಂದೇ ಕರೆಯಬೇಕು, ಅದೇ ಮರ್ಯಾದೆ ಎಂದು ನೀನು ಕಲಿಸಿದ್ದೆ. ನಮ್ಮ ಕಡೆಯ ತರಕಾರಿ ಅಂಗಡಿಯಲ್ಲಿ ನಲವತ್ತರ ಹೆಂಗಸಿಗೆ ಆಂಟಿ ಎಂದರೆ ಸೌತೆಕಾಯಿಯಲ್ಲೇ ಬಾರಿಸಿಯಾರು. ನಾನು ಅರುವತ್ತಾರರ ಮುದುಕ, ಹೆದರಿ ಹೆದರಿ ಆಂಟಿ ಎಂದೆ. ಅವರು ನಕ್ಕು, ಸಿಸ್ಟರ್ ಆಶ್‌ನ ಅಪ್ಪನಾ, ಕೂತ್ಕೋ ಎಂದು ಕುರ್ಚಿ ತೋರಿಸಿ, ನಿನ್ನ ಮಿಸಸ್ ಎಲ್ಲಿ ಎಂದು ಕೇಳಿದರು.

ಮಗಾ, ನನಗೆ ಇಂಗ್ಲಿಷ್ ಬಾರದೆ ಇಲ್ಲ. ಆದರೆ ಕಾಲೇಜಿನಲ್ಲಿ ಕಲಿತದ್ದು ಅರ್ಧ, ಉಳಿದದ್ದು ಫಾರಮಿನ ಇಂಗ್ಲಿಷ್. ಬಾಯಿಗೆ ಮೊದಲು ಬಂದದ್ದು ಎಕ್ಸ್‌ಪೈರ್ಡ್. ಆದರೆ ಅದು ವೀಸಾಕ್ಕೆ ಹೇಳುವ ಶಬ್ದ, ಹಾಲಿನ ಡಬ್ಬಿಗೆ ಹೇಳುವ ಶಬ್ದ. ನಿನ್ನ ಅಮ್ಮ ತೀರಿಕೊಂಡ ಮರುದಿನ ಅವಳ ವೀಸಾ ಕ್ಯಾನ್ಸಲ್ ಮಾಡುವ ಫಾರಂ ನಾನೇ ಟೈಪ್ ಮಾಡಿದೆನಲ್ಲ, ಆಗಲೂ ಆ ಶಬ್ದ ಹೊಡೆಯಲು ಬೆರಳು ಏಳಲಿಲ್ಲ. ನಮ್ಮ ಕಾಲೇಜಿನ ಕಾನ್ರಾಡ್ ಮಾಸ್ಟ್ರು ಹೇಳಿಕೊಟ್ಟಿದ್ದರು, ಸತ್ತವರಿಗೆ ಲೇಟ್ ಎನ್ನುವುದು ಮರ್ಯಾದೆ ಎಂದು. ಹಾಗೆ ಮರ್ಯಾದೆಯಿಂದಲೇ ಹೇಳಿದೆ: ಮೈ ವೈಫ್ ಈಸ್ ಲೇಟ್.

ಆಂಟಿ ತಲೆಯಾಡಿಸಿ, ನೋ ವರಿ, ವೀ ವೇಯ್ಟ್ ಎಂದರು.

ಸಮಾಧಾನದ ಮಾತು ಎಂದುಕೊಂಡೆ. ಮರುದಿನ ಹೋದರೆ ಮರದಡಿ ನನ್ನ ಕುರ್ಚಿಯ ಪಕ್ಕ ಇನ್ನೊಂದು ನೀಲಿ ಮಡಚುವ ಕುರ್ಚಿ, ಚಹಾಕ್ಕೆ ಒಂದು ಮಗ್ ಹೆಚ್ಚು. ನಿನ್ನ ಮಿಸಸ್ ಮಂಗಳವಾರದ ಪ್ಲೇನಿಗೆ ಬರ್ತಾಳಾ ಎಂದು ಕೇಳಿದಾಗಲೇ ನನ್ನ ತಲೆಗೆ ಹೊಳೆದದ್ದು. ಆಗಲೇ ತಿದ್ದಬೇಕಿತ್ತು. ಒಂದು ವಾಕ್ಯದ ಕೆಲಸ. ಆದರೆ ಖಾಲಿ ಕುರ್ಚಿಯ ಮೇಲೆ ನಾಯಿ ಹತ್ತಲು ಬಂದಾಗ ಅವರು, ಇಳಿ, ಅದು ಅವಳದ್ದು ಎಂದು ಗದರಿದರು. ಅದನ್ನು ಕೇಳಿದ ಮೇಲೆ ಆ ವಾಕ್ಯ ಹೇಳಲಿಕ್ಕೆ ನನ್ನಿಂದ ಆಗಲಿಲ್ಲ. ಮೇ ಬಿ ಎಂದೆ. ಏರ್‌ಲೈನಿನವರ ಹಾಗೆ.

ಅಲ್ಲಿಂದ ದಿನಾ ಬೆಳಗ್ಗೆ ಹೋದೆ. ನೀನು, ಪಪ್ಪನಿಗೆ ಊರು ಹಿಡಿಸಿದೆ ಎಂದು ಖುಷಿಪಟ್ಟೆ. ಹಿಡಿಸಿತ್ತು ಕೂಡ. ಒಂದು ದಿನ ಆಂಟಿ, ನೀನಿರುವ ಆ ನೆಲ ಯಾರದ್ದು, ಅವರು ನಿನ್ನನ್ನು ಒಳಗೆ ಬಿಟ್ಟರಾ ಎಂದು ಕೇಳಿದರು. ನಾನು ಸ್ಪಾನ್ಸರ್, ವೀಸಾ, ಎಮಿರೇಟ್ಸ್ ಐ.ಡಿ. ಎಲ್ಲ ವಿವರಿಸಿದೆ. ನೆಲದವರು ಕಾಗದ ಕೊಡಬೇಕು, ಅವಧಿ ಮುಗಿದರೆ ಪುನಃ ಕೇಳಬೇಕು, ಇಲ್ಲ ಎಂದರೆ ಖಲಾಸ್, ಹೊರಡಬೇಕು ಎಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮಜ್ಜನೂ ಆ ಬಿಳಿಯ ಕಾರ್ಟರನ ಹತ್ತಿರ ಅಂಥ ಒಂದು ಕಾಗದ ಕೇಳಬೇಕಿತ್ತು ಮಾರಾಯ ಎಂಬ ಅರ್ಥದಲ್ಲಿ ಏನೋ ಹೇಳಿದರು. ಈಗ ಕಾರ್ಟರನ ಹೆಸರಿನಲ್ಲಿರುವ ಆ ನೀರಿನ ಗುಂಡಿಗೆ ಅವನು ಬರುವ ಮೊದಲೇ ಒಂದು ಹೆಸರಿತ್ತಂತೆ. ನನಗೆ ಎರಡು ಸಲ ಹೇಳಿದರು, ನನ್ನ ನಾಲಿಗೆ ಹೊರಳಲಿಲ್ಲ. ಅವರು ಅದನ್ನು ಹೇಳುವಾಗ ಮಾತ್ರ ತಂತಿ ಕೆಳಗಿಟ್ಟಿದ್ದರು.

ಹೆಸರಿಗೆ ಹೆಸರು ಎಂಬಂತೆ ನಾನೂ ಒಂದು ಕಲಿಸಿದೆ. ನಿನ್ನ ಅಮ್ಮನ ಹೆಸರು. ಲೋ-ಲಾ-ಕ್ಷಿ. ಅವರ ಬಾಯಲ್ಲಿ ಅದು ಲೋಲಾಚಿ ಆಯಿತು. ನಿನಗೆ ಗೊತ್ತುಂಟಲ್ಲ, ಮೂವತ್ತೈದು ವರ್ಷ ನಾನು ಅವಳ ಹೆಸರು ಹಿಡಿದು ಕರೆದವನಲ್ಲ. ನಮ್ಮಲ್ಲಿ ಆ ಕ್ರಮ ಇರಲಿಲ್ಲ. ಓಯ್ ಎಂದರೆ ಅವಳು, ಇಲ್ನೋಡಿ ಎಂದರೆ ನಾನು. ಈಗ ಆ ಮರದಡಿಯಲ್ಲಿ ಲೋಲಾಕ್ಷಿ ಹೀಗೆ, ಲೋಲಾಕ್ಷಿ ಹಾಗೆ, ಲೋಲಾಕ್ಷಿ ಮೀನು ಸಾರಿಗೆ ಎಷ್ಟು ಹುಳಿ ಹಾಕುತ್ತಾಳೆ ಎಂದು ನನಗೆ ಹೇಳಿದಷ್ಟೂ ಸಾಲದು. ಹಾಕುತ್ತಾಳೆ ಎಂದೇ ಹೇಳುತ್ತಿದ್ದೆ. ಹಾಕುತ್ತಿದ್ದಳು ಎಂದು ಒಮ್ಮೆಯೂ ಹೇಳಲಿಲ್ಲ.

ನಾಲ್ಕನೇ ದಿನವೋ ಐದನೇ ದಿನವೋ ಫೋಟೋ ತೋರಿಸಿದೆ. ನನ್ನ ಫೋನಿನಲ್ಲಿ ಇದ್ದದ್ದು ಇಲ್ಲಿನ ಹಾಲ್‌ನ ಗೋಡೆಯ ಫೋಟೋದ ಫೋಟೋ, ಮಾಲೆ ಸಮೇತ. ಆಂಟಿ ಒಮ್ಮೆ ನೋಡಿದರು, ನನ್ನ ಮುಖ ನೋಡಿದರು, ಫೋನನ್ನು ಕವುಚಿ ನನ್ನ ತೊಡೆಯ ಮೇಲಿಟ್ಟರು. ಬಿಸಿಲಿಗೆ ಸರಿಯಾಗಿ ಕಾಣಲಿಲ್ಲ ಎಂದುಕೊಂಡೆ. ಆಮೇಲೆ ಅವರಿಗೆ ಆ ಹೆಸರು ಕಷ್ಟವಾಯಿತೋ ಏನೋ, ದಟ್ ಒನ್, ದಟ್ ಒನ್ ಎನ್ನುತ್ತಿದ್ದರು. ಕುರ್ಚಿ ಮಾತ್ರ ದಿನಾ ಬಂತು.

ಹದಿನೇಳನೇ ದಿನ ಆ ಊರಿನ ಮುದುಕರೊಬ್ಬರು ತೀರಿಕೊಂಡರಲ್ಲ. ಊಟಕ್ಕೆ ಕುಳಿತಾಗ ನಾನು ಪಾಪ ಎಂದು ಅವರ ಹೆಸರು ಹೇಳಹೊರಟೆ. ನೀನು ನನ್ನ ಕೈ ಹಿಡಿದು ತಡೆದೆ. ಪಪ್ಪಾ, ಇನ್ನು ಬಹಳ ಕಾಲ ಆ ಹೆಸರು ಯಾರೂ ಹೇಳುವುದಿಲ್ಲ, ಫೋಟೋ ಕೂಡ ತೋರಿಸುವುದಿಲ್ಲ, ಅಂಗಡಿಯಲ್ಲಿ ಅದೇ ಹೆಸರಿನ ಇನ್ನೊಬ್ಬನನ್ನೂ ಬೇರೆ ಹೆಸರಲ್ಲಿ ಕರೆಯುತ್ತಾರೆ, ಸತ್ತವರಿಗೂ ಉಳಿದವರಿಗೂ ಅದು ನೋವು ಎಂದೆ. ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಮೀನಿನ ಮುಳ್ಳು ಎಂದು ನಿನಗೆ ಹೇಳಿದೆ. ಆವತ್ತು ಮಾಡಿದ್ದು ಬರೀ ಬೇಳೆ ಸಾರು, ನೀನು ಗಮನಿಸಲಿಲ್ಲ.

ಯೋಚಿಸಿ ನೋಡು. ಆ ವಯಸ್ಸಿನ ಹೆಂಗಸಿನ ಬಾಯಲ್ಲಿ ನಾನು ಸತ್ತವಳ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಿಸಿದೆ. ಜೀವ ಇರುವವಳು ಎಂದು ನಂಬಿಸಿ ಹೇಳಿಸಿದೆ. ಅದು ತಿಳಿದ ಮೂರನೇ ದಿನವೇ ಊರು ಬಿಟ್ಟೆ. ಹೊರಡುವ ಬೆಳಗ್ಗೆ ಮರದಡಿಗೆ ಹೋದೆ. ಈಗಲಾದರೂ ಹೇಳಿಬಿಡುತ್ತೇನೆ ಎಂದು ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸಿಕೊಂಡೇ ಹೋದೆ. ಅವರು ನನ್ನ ಕೈಗೆ ಒಂದು ಪೊಟ್ಟಣ ಕೊಟ್ಟರು. ನನ್ನ ವಾಕ್ಯ ಬಿದ್ದೇ ಹೋಯಿತು. ಆ ಪೊಟ್ಟಣದ ವಿಷಯ ಇಲ್ಲಿ ಬರೆಯಲಾರೆ.

ಈಗ ಅವರು ಕಾಣುವುದಿಲ್ಲ ಎನ್ನುತ್ತೀ. ಯಾರಾದರೂ ಅವರಿಗೆ ನಿಜ ಹೇಳಿದರಾ? ನಿನಗೆ ತಿಳಿಯದೆ ನೀನೇ ಮಾತಿನ ನಡುವೆ ಅಮ್ಮ ತೀರಿಕೊಂಡದ್ದು ಹೇಳಿದೆಯಾ? ಅದೇ ಕೊರಗಿನಲ್ಲಿ ಮಲಗಿದರಾ? ಸಿಸ್ಟರ್ ಆಶ್‌ನ ಅಪ್ಪ ಮೋಸ ಮಾಡಿದ ಎಂದು ಊರವರು ನಿನ್ನ ಕೈಯಿಂದ ಮಾತ್ರೆ ತೆಗೆದುಕೊಳ್ಳುವುದನ್ನೇ ಬಿಟ್ಟರೆ? ದಯವಿಟ್ಟು ಹುಡುಕಿ ಹೋಗು. ಹೋಗಿ ಏನು ಹೇಳಬೇಕು ಎಂದು ಮಾತ್ರ ನನ್ನನ್ನು ಕೇಳಬೇಡ. ನಿಜ ಹೇಳಿದರೆ ತಾನು ಉಚ್ಚರಿಸಿದ್ದು ಯಾರ ಹೆಸರು ಎಂದು ತಿಳಿದು ನೊಂದುಕೊಳ್ಳುತ್ತಾರೆ. ಹೇಳದಿದ್ದರೆ ಪ್ರತಿ ಮಂಗಳವಾರ ಕುರ್ಚಿ ಇಟ್ಟು ಆಕಾಶ ನೋಡುತ್ತಾರೆ. ನಾಲ್ಕು ದಿನದಿಂದ ಈ ಎರಡರ ನಡುವೆಯೇ ಓಡಾಡುತ್ತಿದ್ದೇನೆ.

ನೀನು ಕೇಳದಿದ್ದರೂ ಇನ್ನೊಂದು ಹೇಳುತ್ತೇನೆ. ನಮ್ಮ ತುಳುವರಲ್ಲಿ ಸತ್ತವರನ್ನು ಬಾಗಿಲಲ್ಲಿ ನಿಂತು ಹೆಸರು ಹಿಡಿದು ಮನೆಯೊಳಗೆ ಕರೆಯುವ ಕ್ರಮ ಉಂಟಲ್ಲ. ಅಮ್ಮನಿಗೆ ಅದು ಆಗಲಿಲ್ಲ. ಆಗ ಎಲೆಕ್ಟ್ರಾ ಸ್ಟ್ರೀಟಿನ ಫ್ಲ್ಯಾಟು ಬಿಡುವ ಗಡಿಬಿಡಿ. ಈ ಮನೆಯನ್ನು ಅವಳು ನೋಡಿಯೂ ಇಲ್ಲ. ಯಾವ ಬಾಗಿಲಲ್ಲಿ ಕರೆಯುವುದು ಪಪ್ಪಾ ಎಂದು ರಂಜಿತ್ ಕೇಳಿದ. ಊರಿಗೆ ಹೋದಾಗ ನೋಡೋಣ ಎಂದೆ. ನಿಜ ಏನೆಂದರೆ, ಎಲ್ಲರೆದುರು ಅವಳ ಹೆಸರು ಹಿಡಿದು ಕರೆಯಲು ನನಗೆ ನಾಚಿಕೆ. ನಗಬೇಡ. ಈ ಕಾಗದ ಓದಿ ಸಿಟ್ಟು ಬಂದರೆ ಬೈದು ಬರೆ. ಸುಮ್ಮನಿರಬೇಡ, ಅದನ್ನು ತಡೆಯಲಾರೆ.

ಚಿಲಕದ ವಿಷಯ ಮರೆಯಬೇಡ.

ನಿನ್ನ ಹೇಡಿ ಪಪ್ಪ,
ಪೂವಪ್ಪ

ತಾ.ಕ.: ಯಶ್ಮಿತಾ ಫೋಟೋ ಹೊಡೆಯಲು ಫೋನ್ ಎತ್ತಿದಾಗಲೇ ನಿನ್ನ ಇಂಗ್ಲಿಷ್ ಮೆಸೇಜ್ ಬಂತು. ಅವಳೇ ಓದಿ ಹೇಳಿದಳು. ಆಂಟಿ ಎಲ್ಸಿ ಆ ಮುದುಕರ ಮಣ್ಣಿಗೆಂದು ದೂರದ ಊರಿಗೆ ಹೋಗಿದ್ದರು, ಇಂದು ಮರದಡಿಗೆ ಬಂದಿದ್ದಾರೆ, ನಿನ್ನ ಅಪ್ಪ ಮತ್ತು ದಟ್ ಒನ್, ಇಬ್ಬರೂ ಸರಿಯಾಗಿ ಮನೆ ಮುಟ್ಟಿದರಾ ಎಂದು ಕೇಳಿದರು ಎಂದು. ಯಶ್ಮಿತಾ ನನ್ನನ್ನೇ ನೋಡಿದಳು. ಅಜ್ಜಾ, ಹೂ ಈಸ್ ದಟ್ ಒನ್? ಯೂ ವೆಂಟ್ ಅಲೋನ್, ನೋ? ಎಂದಳು.

ಮೇಲೆ ಬರೆದದ್ದನ್ನು ಪುನಃ ಓದಿದೆ. ಮಾಲೆ ಹಾಕಿದ ಆ ಫೋಟೋ ತೋರಿಸಿದ ದಿನದಿಂದ ಅವರು ಆ ಹೆಸರನ್ನು ಒಮ್ಮೆಯೂ ಹೇಳಿಲ್ಲ. ಕುರ್ಚಿಯನ್ನು ಒಂದು ದಿನವೂ ಬಿಟ್ಟಿಲ್ಲ. ನಾನೇ ಬರೆದಿದ್ದೇನೆ, ನನಗೇ ಕಾಣಲಿಲ್ಲ.

ಪೊಟ್ಟಣದಲ್ಲಿ ಇದ್ದದ್ದು ಆ ಕೆಂಪು ಬೀಜಗಳ ಸರ. ದಟ್ ಒನ್‌ಗೆ ಕೊಡು, ದಾರಿ ತಪ್ಪುವುದಿಲ್ಲ ಎಂದಿದ್ದರು. ಇಷ್ಟು ದಿನ ಸೂಟ್‌ಕೇಸಿನ ತಳದಲ್ಲಿ ಇಟ್ಟಿದ್ದೆ. ಈಗ ತೆಗೆದೆ. ಫೋಟೋಕ್ಕೆ ಹಾಕಲಿಲ್ಲ, ಬಾಗಿಲಿನ ಒಳಗಿನ ಮೊಳೆಗೆ ತೂಗಿಸಿ, ಬಾಗಿಲು ತೆರೆದು ನಿಂತೆ. ಎ.ಸಿ. ಎಲ್ಲ ಹೊರಗೆ ಹೋಗುತ್ತೆ ಅಜ್ಜಾ ಎಂದು ಯಶ್ಮಿತಾ ಕೂಗಿದಳು. ಹೋಗಲಿ ಎಂದೆ. ಹೆಸರು ಹಿಡಿದು ಮೂರು ಸಲ ಕರೆದೆ. ಎದುರು ಮನೆಯ ಖದೀಜ ಗೇಟಿನಿಂದ ಇಣುಕಿ, ಯಾರನ್ನು ಕರೀತಿದ್ದೀರಿ ಎಂದು ಕೇಳಿದರು. ನಮ್ಮ ಮನೆಯವಳನ್ನು ಎಂದೆ.

ಆಂಟಿಗೆ ಹೇಳು, ಇಬ್ಬರೂ ಮನೆ ಮುಟ್ಟಿದ್ದೇವೆ ಎಂದು. ಲೇಟ್ ಆಯಿತು ಎಂದು ಮಾತ್ರ ಹೇಳಬೇಡ.