ತೋಪಿನ ಕದದ ಮ್ಯಾಲಿನ ಬೊಟ್ಟು

ನನ್ನ ಹೆತ್ತ ಅಪ್ಪಗ, ನಿನ್ನ ಸಿಟ್ಟಿನ ಮಗಳು ಶಂಕ್ರವ್ವ ಬರಿಯೂದು,

ನೀ ಹೋದ ಮ್ಯಾಲೆ ಅಳಕೋತ ಕುಂತಿರ್ತಾಳ ಅಂತ ತಿಳಕೊಂಡಿದ್ರ ಆ ಮಾತು ಬಿಡು. ಅತ್ತದ್ದು ಆತು. ಈಗ ಹೊಟ್ಟ್ಯಾಗ ಬೆಂಕಿ ಐತಿ, ಅದಕ್ಕ ತಿದಿ ಒತ್ತೂದೂ ಬೇಕಾಗಿಲ್ಲ. ಆ ಕಾರ್ಖಾನಿ ಮ್ಯಾನೇಜರನ ಸುದ್ದಿ ನಿನಗ ಹೇಳೂತನಕ ನನಗ ತುತ್ತು ಇಳಿಯೂದಿಲ್ಲ.

ತಾವರಗೇರಾದಾಗ ಕುಂಟಿ, ಕುಡುಗೋಲು ಬಡಕೊಂಡು ಆರಾಮ ಇದ್ದಿವಿ. ಯುದ್ಧ ಸುರು ಆತು, ಕೊಪ್ಪಳ ಸ್ಟೇಷನ್ ಹತ್ರ ಟ್ಯಾಂಕಿನ ತೋಪು ರಿಪೇರಿ ಮಾಡೂ ಕಾರ್ಖಾನಿ ಎದ್ದಿತು, ನೀ ನನ್ನ ಕರಕೊಂಡು ಅಲ್ಲಿಗೆ ಕೆಲಸಕ್ಕ ಬಂದಿ. ತೋಪಿನ ಹಿಂದ ಗುಂಡು ಹಾಕಿ ಬಾಯಿ ಮುಚ್ಚೂ ದಪ್ಪ ಕಬ್ಬಿಣದ ತುಂಡು ಇರತೈತಲ್ಲ, ಅದಕ್ಕ ನೀವೆಲ್ಲಾ ಕದ ಅಂತಿದ್ರಿ. ಗುಂಡು ಹಾರಿ ಕಾದ ಕೂಡಲೇ ಅದು ಹಿಡಕೊಂಡು ತೆರೀತಿರಲಿಲ್ಲ. ಹಿಡಿಯದಂಥಾ ಹೊಸಾ ನಮೂನಿ ಕದ ನೀ ಮನ್ಯಾಗಿನ ನಮ್ಮ ಕುಲಿಮ್ಯಾಗ ಮಾಡಿದಿ. ತಿದಿ ಒತ್ತಿದಾಕಿ ನಾನ. ಮೊದಲ ಕಾವಿಗೆ, ನಮ್ಮ ಕಮ್ಮಾರರ ಪದ್ಧತಿ ಇದ್ದಂಗ, ಕಾಳಮ್ಮನ ಹೆಸರು ಹೇಳಿ ಉಳಿ ತುದೀಲೆ ಬಡದು ಸಣ್ಣ ತಗ್ಗಿನಂಥಾ ಒಂದು ಬೊಟ್ಟು ಇಟ್ಟಿ. ಅದರಿಂದ ತೋಪಿಗೇನೂ ಉಪಯೋಗ ಇಲ್ಲ. ದೇವರಿಗೆ ಕೈ ಮುಗದಂಗ, ಅಷ್ಟ.

ಆ ಕದಾ ಅರಿವ್ಯಾಗ ಸುತಗೊಂಡು ಮ್ಯಾನೇಜರಗ ತೋರಸಾಕ ಹೋದ ದಿನ ನೆನಪೈತೇನು? ನಾ ಬುತ್ತಿ ಕೊಡಾಕ ಬಂದು ಬಾಗಲದಾಗ ನಿಂತಿದ್ದೆ. "ಇದನ್ನ ನಾವ ಮಾಡಬಹುದ್ರಿ ಸಾಹೇಬ್ರ, ಪರದೇಶದವರನ್ನ ಯಾಕ ಕೇಳೂದು" ಅಂದಿ. ಅಂವ ನಕ್ಕ. "ನಮ್ಮ ಸ್ವಂತದ್ದು ಅಂದ್ರ ಸರ್ಕಾರ ಮೂಸಿ ಸೈತ ನೋಡಂಗಿಲ್ಲ ಮಾನಪ್ಪ. ವಿಲಾಯ್ತಿ ಕಂಪನಿ ಲೈಸೆನ್ಸ್ ಇರಬೇಕು. ಇಟ್ಟು ಹೋಗು, ನೋಡೋಣು" ಅಂದ. ನೀ ಇಟ್ಟು ಬಂದಿ. ಮಂದಿನ್ನ ಎಷ್ಟ ನಂಬತಿದ್ದಿ ಅಪ್ಪಾ ನೀ...

ವಿಲಾಯ್ತಿ ಮಾದರಿ ಬಂತಂತ ಕಾರ್ಖಾನ್ಯಾಗ ಕಾಯಿ ಒಡದ ದಿನ ಪೆಟ್ಟಿಗಿ ತೆಗದ್ರ ಒಳಗ ನಿನ್ನ ಕದ. ಬೊಟ್ಟೂ ಇತ್ತು. ಅದು ಯಾಕಂತ ತಿಳೀದ, ವಿಲಾಯ್ತಿ ಕಂಪನಿಯವರು ಅದನ್ನ ಇನ್ನಷ್ಟು ಆಳ ಕೊರದು ಅಳತಿ ಹಾಕಿದ್ರು. ನೀ ಎಲ್ಲಾರ ಮುಂದ "ಇದು ನಂದು" ಅಂದಿ. "ಮುದುಕಗ ತಲಿ ಕೆಟ್ಟೈತಿ, ಹೊರಗ ಹಾಕ್ರಿ" ಅಂದ ಮ್ಯಾನೇಜರ. ತಾನ ಕಂಡುಹಿಡದದ್ದು ಅಂತ ಕಂಪನಿಗೆ ಮಾರಿದ್ದ, ಹಲ್ಕಟ್. ನೀ ಮನಿಗೆ ಬಂದು ಗ್ವಾಡಿ ಕಡೆ ಮಾರಿ ಮಾಡಿ ಮಲಗಿದಿ, ಮತ್ತ ಏಳಲಿಲ್ಲ. ನಿನ್ನ ಮಣ್ಣಾಗ ಇಟ್ಟ ಕೈಲೇ ಆಣಿ ಮಾಡಿದೆ, ಆ ಕದ ನಿಂದು ಅಂತ ಅವನ ಬಾಯಿಂದನ ಹೇಳಸ್ತೀನಿ, ಆಮ್ಯಾಲೆ ಅವನ್ನ ನೆಲಕ್ಕ ಕೆಡವತೀನಿ ಅಂತ.

ನೀ ಹೋದ ಸ್ವಲ್ಪ ದಿನಕ್ಕ ಕಾರ್ಖಾನ್ಯಾಗ ಮಾಡಿದ ಕದ ಒಡ್ಯಾಕ ಹತ್ತಿದ್ವು. ಲೈಸೆನ್ಸ್ ಇದ್ದ ಮ್ಯಾಲೆ ಕೂದಲೆಳಿಯಷ್ಟೂ ಬದಲ ಮಾಡಂಗಿಲ್ಲಂತ. ಅದಕ್ಕ ಒಂದೊಂದು ಕದಕ್ಕೂ ಯಂತ್ರಾ ಹಚ್ಚಿ ಆಳಕ್ಕ ತೂತು ಕೊರಿತಾರ, ಕಾಸಿ ಎಣ್ಣ್ಯಾಗ ಅದ್ದಿದ್ರ ಆ ತೂತಿನಿಂದನ ಸೀಳತೈತಿ. ತೂತು ಬಿಡಾಕ ಕಂಪನಿ ಒಪ್ಪಬೇಕು. "ಕಂಡುಹಿಡದಾಂವ ನೀನ ಅಲ್ಲ? ತೂತು ಯಾಕ ಐತಿ, ಅದನ್ನ ಮೊದಲ ಹೇಳು" ಅಂದ್ರಂತ ಕಂಪನಿಯವರು ಮ್ಯಾನೇಜರಗ. ಅವಗೇನ್ ಗೊತ್ತು ಮಣ್ಣು? ಯಾವ ಕಮ್ಮಾರನ್ನ ಕೇಳಿದ್ರೂ ಹೇಳ್ತಿದ್ದ. ಅದಕ್ಕ ನಾ ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕುಲಿಮಿಗೆಲ್ಲಾ ಹೋಗಿ ಸೆರಗೊಡ್ಡಿದೆ. "ಯಾರೂ ಬಾಯಿ ಬಿಡಬ್ಯಾಡ್ರಿ, ನಮ್ಮಪ್ಪನ ಆಣಿ" ಅಂದೆ. ಯಾರೂ ಬಿಡಲಿಲ್ಲ. "ಒದ್ದಾಡಲಿ ತಗೋಳವ್ವ" ಅಂದ ಗಂಗಾವತಿ ವೀರಭದ್ರಕಾಕಾ.

ನಿನ್ನೆ ಮ್ಯಾನೇಜರ ನಮ್ಮ ಬಾಗಲಿಗೆ ಬಂದ. ಕಾರ್ಖಾನಿ ಮಾಲಕ ಗಡುವು ಕೊಟ್ಟಾನಂತ, ತೂತಿನ ಕಾರಣ ಹೇಳದಿದ್ರ ಮ್ಯಾನೇಜರಿಕಿ ಹೋತಂತ. "ತಂಗಿ, ಆ ತೂತಿನ ಬಗ್ಗೆ ನಿಮ್ಮಪ್ಪ ಏನರ ಹೇಳಿದ್ನೇನವ್ವ" ಅಂದ. ತಂಗಿ ಅಂತ, ನಾನು! "ಗೇಟಿನ್ಯಾಗ ಮಾಲಕರ ಮುಂದ ನಿಂತು ಕದ ಮಾನಪ್ಪಂದು ಅನ್ರಿ, ಆಮ್ಯಾಲೆ ಮಾತು" ಅಂದೆ.

ಇವತ್ತ ಮುಂಜಾನೆ ಅಂದ, ಅಪ್ಪಾ. ಪಾಳಿ ಬದಲಾಗೂ ಹೊತ್ತಿನ್ಯಾಗ, ಎಲ್ಲಾರಿಗೂ ಕೇಳೂಹಂಗ. ನಿನ್ನ ಜೋಡಿ ಕೆಲಸ ಮಾಡಿದವರು ಕೆಲವರು ತಲಿ ಮ್ಯಾಲಿನ ಪಟಗಾ ತೆಗದು ನಿಂತ್ರು. ಮಾಲಕ ತಿರುಗಿ ಒಳಗ ಹೋದ. ಮ್ಯಾನೇಜರ ಬೆವರ ಒರಸಕೋತ ನನ್ನ ಕಡೆ ಬಂದು "ಈಗರ ಹೇಳವ್ವ, ನಾ ಮುಳುಗಿ ಹೋಗ್ತೀನಿ" ಅಂದ.

"ಮಾಡಿದಾಕಿ ನಾನಲ್ಲರಿ. ಮಾನಪ್ಪನ್ನ ಹೋಗಿ ಕೇಳ್ರಿ" ಅಂದು ನಾ ಮನಿ ಹಾದಿ ಹಿಡದೆ.

ಅಂವ ಅಲ್ಲಿಗೆ ಬಂದ್ರ, ಅಪ್ಪಾ, ನೀನೂ ಹೇಳಬ್ಯಾಡ.